ತಾಮ್ರದ ಪಟ್ಟಿ

ಹೇಳದೆ ಕರೆಸಿದ್ದು ತಪ್ಪಾಯಿತೋ ಏನೋ. ಹೇಳಿದ್ದರೆ ಅಣ್ಣ ಒಪ್ಪುತ್ತಿರಲಿಲ್ಲ, ಅದಂತೂ ಖಂಡಿತ. ಹಾಗಂತ ಅವನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿರುವಾಗ ಅವನ ದೋಣಿಯ ಹೊಟ್ಟೆ ಬಗೆಸುವುದು ಯಾವ ನ್ಯಾಯ? ಈಗಲೂ ಕಾಲ ಮಿಂಚಿಲ್ಲ. ‘ಇವತ್ತು ಬೇಡ, ಇನ್ನೊಂದು ದಿನ ನೋಡೋಣ’ ಅಂದುಬಿಟ್ಟರೆ ಬಂದಿರುವ ವೈರಿಂಗ್‌ನವನು ಚೀಲ ಹೆಗಲಿಗೇರಿಸಿಕೊಂಡು ಹೋಗುತ್ತಾನೆ. ಅಂದುಬಿಡಲೇ? ಯಾಟು ಎಂದು ಕರೆಯುವ ಆ ಹಾಯಿದೋಣಿಯ ಡೆಕ್ಕಿನ ಮೇಲೆ ಕೂತು ತಮ್ಮ ಹೀಗೆ ಹಾಕುತ್ತಾ ಕಳೆಯುತ್ತಾ ಇರುವಾಗಲೇ ಕೆಳಗಿನ ಕ್ಯಾಬಿನ್ನಿನಿಂದ ತುಕ್ಕು ಹಿಡಿದ ಸ್ಕ್ರೂ ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು. ಇನ್ನು ಅನ್ನುವುದಕ್ಕೆ ಏನೂ ಉಳಿದಿರಲಿಲ್ಲ.

ಕರೆಸದೆ ಬೇರೆ ದಾರಿಯೂ ಇರಲಿಲ್ಲ. ಸರೋವರದ ಈ ಜೆಟ್ಟಿಯಲ್ಲಿ ದೋಣಿಗಳಿಗೆ ಕರೆಂಟು ಕೊಡುವ ಕಂಬಗಳನ್ನು ಈಚೆಗೆ ಬದಲಾಯಿಸಿದ್ದರು. ಹೊಸ ಕಂಬಗಳಲ್ಲಿ ಒಂದು ಸೂಕ್ಷ್ಮದ ಸ್ವಿಚ್ಚು ಇತ್ತು. ಯಾವ ದೋಣಿಯಿಂದಲಾದರೂ ಕರೆಂಟು ಒಂದಿಷ್ಟು ಸೋರಿತೋ, ಅದು ಟಪ್ಪೆಂದು ಬಿದ್ದುಬಿಡುತ್ತಿತ್ತು. ಉಳಿದ ದೋಣಿಗಳಿಗೆ ಏನೂ ತೊಂದರೆಯಾಗಲಿಲ್ಲ. ಅಣ್ಣನ ಯಾಟಿನ ಪ್ಲಗ್ ಸಿಕ್ಕಿಸಿ ಒಳಗೆ ಒಂದು ಫ್ಯಾನು ಹಾಕಿದರೆ ಸಾಕು, ಆ ಸಾಲಿಗೆ ಸಾಲೇ ಕತ್ತಲೆ.

“ಅವರ ಸ್ವಿಚ್ಚೇ ಡಬ್ಬಾ,” ಎಂದಿದ್ದ ಅಣ್ಣ. “ನಾನು ಡೈರೆಕ್ಟ್ ಲೈನ್ ಎಳ್ಕೋತೀನಿ. ಯಾವನು ಕೇಳ್ತಾನೆ ನೋಡ್ತೀನಿ.”

ಕೇಳುವವನು ಹಿಂದೆಯೇ ನಿಂತಿದ್ದ. ಜೆಟ್ಟಿಯ ಮ್ಯಾನೇಜರ್ ಜಗಳಗಂಟನಲ್ಲ, ಆದರೆ ಹೇಳಿದ್ದನ್ನು ಮಾಡುವವನು. ದೋಣಿ ವೈರಿಂಗ್ ಬಲ್ಲವರಿಂದ ಸರಿ ಮಾಡಿಸಿ, ಇಲ್ಲವಾದರೆ ಹಗ್ಗ ಬಿಚ್ಚಿ ಬೇರೆ ಜಾಗ ನೋಡಿಕೊಳ್ಳಿ ಎಂದ.

ಬೇರೆ ಜಾಗ ಎಲ್ಲಿಂದ ತರುವುದು? ಆ ಯಾಟು ಜೆಟ್ಟಿ ಬಿಟ್ಟು ಹೊರಟು ವರ್ಷಗಳೇ ಆಗಿದ್ದವು. ಎಂಜಿನ್ ಸುಮ್ಮನಾಗಿತ್ತು. ಹಾಯಿ ಮಡಚಿದಲ್ಲೇ ಬೂಸ್ಟು ಹಿಡಿದಿತ್ತು. ಅಣ್ಣ ಮಾತ್ರ ದಿನಾ ಸಂಜೆ ಬಂದು ಮುಂದಿನ ಮೂಲೆಯ ಸಣ್ಣ ಹಾಸಿಗೆಯ ಮೇಲೆ ಮಂಡಿ ಮಡಚಿಕೊಂಡು ಕೂರುತ್ತಿದ್ದ. ದೊಡ್ಡವರಿಗೆಂದು ಮಾಡಿದ ಹಾಸಿಗೆಯಲ್ಲ ಅದು. ಅವನ ಮಗಳು ಮಲಗುತ್ತಿದ್ದದ್ದು. ಅಲ್ಲಿಂದಲೂ ಎಬ್ಬಿಸಿದರೆ ಆ ಮನುಷ್ಯ ಮತ್ತೆಲ್ಲಿ ಹೋಗಿ ಕೂರಬೇಕು?

“ಸ್ವಾಮೀ,” ಕೆಳಗಿನಿಂದ ಕೂಗು ಬಂತು. “ಈ ಯಾಟಿಗೆ ನನಗಿಂತ ವಯಸ್ಸಾಗಿದೆ. ಆದ್ರೆ ಮಂಡಿ ಇದರದ್ದೇ ಗಟ್ಟಿ!”

ಕೂಗಿದವನನ್ನು ಜೆಟ್ಟಿಯಲ್ಲಿ ಎಲ್ಲರೂ ಟೆಸ್ಟರ್ ಎಂದೇ ಕರೆಯುವುದು. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವನ ಕಿವಿಯ ಸಂದಿಯಲ್ಲಿ ಸದಾ ಒಂದು ಟೆಸ್ಟರ್ ಇರುತ್ತಿತ್ತು. ದೋಣಿಗಳ ಕರೆಂಟು ಕೆಲಸ ಬಿಟ್ಟು ಬೇರೇನೂ ಮಾಡದವನು. ಮಂಡಿ ನೋವು ಜಾಸ್ತಿ, ಮಾತು ಅದಕ್ಕಿಂತ ಜಾಸ್ತಿ. ತನ್ನನ್ನು ತಾನು ಹೊಗಳಿಕೊಳ್ಳುವುದರಲ್ಲಿ ಅವನಿಗೆ ಯಾವ ನಾಚಿಕೆಯೂ ಇರಲಿಲ್ಲ.

“ಏನಾದ್ರೂ ಸಿಕ್ತಾ?” ಎಂದು ತಮ್ಮ ಬಗ್ಗಿ ಕೇಳಿದ.

“ಸಿಗೋದೇನು, ಮ್ಯೂಸಿಯಮ್ಮೇ ಇದೆ ಇಲ್ಲಿ. ಇಳಿದು ಬನ್ನಿ, ಟಿಕೆಟ್ ಇಲ್ಲ.”

ಕ್ಯಾಬಿನ್ನಿನಲ್ಲಿ ಹಳೆಯ ಡೀಸೆಲ್ಲಿನ, ಒದ್ದೆ ಬಟ್ಟೆಯ ವಾಸನೆ. ಟೆಸ್ಟರ್ ಗೋಡೆಯ ಹಲಗೆ ತೆಗೆದು ಪಕ್ಕಕ್ಕಿಟ್ಟಿದ್ದ. ಒಳಗೆ ಅಣ್ಣನ ಕೈಕೆಲಸ ಅಚ್ಚುಕಟ್ಟಾಗಿ ಮಲಗಿತ್ತು. ಕೆಂಪು, ಕಪ್ಪು, ಹಸಿರು ತಂತಿಗಳು ಒಂದರ ಪಕ್ಕ ಒಂದು, ಎಲ್ಲೂ ಸಿಕ್ಕಾಗದೆ, ಸಮಸಮ ದೂರದಲ್ಲಿ ದಾರದಿಂದ ಕಟ್ಟಿಸಿಕೊಂಡು ಸಾಗಿದ್ದವು. ತಮ್ಮನಿಗೆ ಅದನ್ನು ನೋಡಿದರೆ ಅಣ್ಣನ ಬೆರಳುಗಳನ್ನೇ ನೋಡಿದ ಹಾಗಾಯಿತು.

“ಯಾವ ಮಹಾನುಭಾವರ ಕೆಲಸ?”

“ನಮ್ಮಣ್ಣಂದು. ಮನೆ ವೈರಿಂಗ್ ಮಾಡ್ತಿದ್ದ. ಊರಲ್ಲಿ ಅರ್ಧ ಮನೆ ಅವನದೇ ಕೈಕೆಲಸ.”

“ಅದೇ ಅಂದ್ಕೊಂಡೆ. ಏನು ನೀಟು ರೀ! ತಲೆ ಬಾಚಿ ಜಡೆ ಹಾಕಿದ ಹಾಗಿದೆ.” ಟೆಸ್ಟರ್ ಒಂದು ತಂತಿಯನ್ನು ಬೆರಳಲ್ಲಿ ಮೀಟಿದ. “ಆದ್ರೆ ಮನೆ ಅಲ್ಲಾಡಲ್ಲ ನೋಡಿ, ದೋಣಿ ಅಲ್ಲಾಡುತ್ತೆ. ಇದು ಒಂದೇ ಎಳೆಯ ದಪ್ಪ ತಂತಿ. ಗೋಡೆ ಒಳಗೆ ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಇಲ್ಲಿ ಅಲ್ಲಾಡೀ ಅಲ್ಲಾಡೀ ಒಳಗೊಳಗೇ ಬಿರುಕು ಬಿಡುತ್ತೆ. ಮೇಲಿಂದ ನೋಡಿದ್ರೆ ಲಕ್ಷಣವಾಗೇ ಇರುತ್ತೆ. ಕೆಲವರ ಸಂಸಾರ ಇರಲ್ವಾ, ಹಾಗೆ.”

ತನ್ನ ಮಾತಿಗೆ ತಾನೇ ನಕ್ಕು, ಮೂಲೆಯಲ್ಲಿದ್ದ ಬಿಳಿಯ ಸಣ್ಣ ಗೀಸರನ್ನು ಕೈಬೆರಳಿನ ಗಿಣ್ಣಿನಿಂದ ಕುಟ್ಟಿದ. “ಇದು ಆಮೇಲೆ ಹಾಕಿದ್ದು ಅಲ್ವಾ? ಉಳಿದದ್ದಕ್ಕಿಂತ ಹೊಸದಾಗಿ ಕಾಣುತ್ತೆ.”

“ಆಮೇಲೆ ಹಾಕಿದ್ದು,” ಎಂದ ತಮ್ಮ. ಅಷ್ಟು ಹೇಳಿ ಮೇಲೆ ಬಂದುಬಿಟ್ಟ.

ಗೀಸರ್ ಹಾಕಿದ್ದು ಕಪ್ಪೆಮರಿಗಾಗಿ. ಕಪ್ಪೆಮರಿ ಅಂದರೆ ಅಣ್ಣನ ಒಬ್ಬಳೇ ಮಗಳು. ನೀರು ಕಂಡರೆ ಬಿಡುತ್ತಿರಲಿಲ್ಲವೆಂದು ಅವನೇ ಇಟ್ಟ ಹೆಸರು. ತುಟಿ ನೀಲಿಯಾಗುವವರೆಗೂ ಈಜುವಳು, ಮೇಲೆ ಬಂದು ಹಲ್ಲು ಕಟಕಟಿಸುತ್ತಾ ನಡುಗುವಳು. ಅದನ್ನು ನೋಡಲಾರದೆ ಅಣ್ಣ ಗೀಸರ್ ತಂದು ಕೂರಿಸಿದ್ದ. ಅದುವರೆಗೆ ಯಾಟಿನಲ್ಲಿದ್ದದ್ದು ಎರಡು ದೀಪ, ಒಂದು ಫ್ಯಾನು.

ವರ್ಷಗಳ ಹಿಂದಿನ ಆ ಮಧ್ಯಾಹ್ನ ಅವಳು ಏಣಿಯ ಪಕ್ಕದಲ್ಲೇ ಈಜುತ್ತಿದ್ದಳು. ಅಣ್ಣ ಜೆಟ್ಟಿಯ ಆ ಕೊನೆಯಲ್ಲಿ ಯಾರ ಹತ್ತಿರವೋ ಎಂಜಿನ್ನಿನ ವಿಷಯ ಮಾತಾಡುತ್ತಿದ್ದ. ಅತ್ತಿಗೆ ಒಳಗಿದ್ದರು. “ಚಿಕ್ಕಪ್ಪಾ, ನೋಡ್ತಾ ಇರು, ಆ ಕಡೆ ನೋಡ್ಬಾರ್ದು ಮತ್ತೆ,” ಎಂದಿದ್ದಳು ಅವಳು. ತಮ್ಮ ನೋಡುತ್ತಲೇ ಇದ್ದ. ಓದುತ್ತಿರಲಿಲ್ಲ, ತೂಕಡಿಸುತ್ತಿರಲಿಲ್ಲ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ.

ಅವಳು ಕೂಗಲಿಲ್ಲ. ಕೈ ಎತ್ತಲಿಲ್ಲ. ಏನೋ ಹೇಳಹೊರಟವಳ ಹಾಗೆ ಬಾಯಿ ಅರೆ ತೆರೆದುಕೊಂಡು, ಹಾಗೇ ನಿಂತಂತೆ ನಿಂತು, ಕೆಳಗೆ ಜಾರಿದಳು. ಆಟವಿರಬೇಕು ಎಂದುಕೊಂಡ. ಆಟವಲ್ಲ ಎಂದು ಗೊತ್ತಾದ ಕೂಡಲೇ ಏಣಿ ಹಿಡಿದು ಇಳಿದ. ನೀರು ತೊಡೆಗೆ ಬರುತ್ತಿದ್ದ ಹಾಗೆ ಕಾಲು ಮರಗಟ್ಟಿತು. ಬೆರಳುಗಳು ಏಣಿಯನ್ನು ಕಚ್ಚಿಕೊಂಡು ಬಿಡಿಸಿದರೂ ಬಿಡಲಿಲ್ಲ. ಎದೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗಾಯಿತು. ಗಂಟಲಿಂದ ಬಂದದ್ದು ಕೂಗಲ್ಲ, ದನದ ನರಳಿಕೆಯಂಥ ಸದ್ದು. ಅದನ್ನು ಕೇಳಿ ಅತ್ತಿಗೆ ಮೇಲೆ ಓಡಿಬಂದರು. ಆಗ ಬೆರಳು ಬಿಟ್ಟುಕೊಂಡವು. ಯಾರೋ ಬಂದರಲ್ಲ, ಅದಕ್ಕೇ ಹೆದರಿಕೆ ಇಳಿಯಿತು ಎಂದು ಅವನು ಅಂದೇ ತೀರ್ಮಾನಿಸಿಕೊಂಡಿದ್ದ. ಅಷ್ಟರಲ್ಲಿ ಅಣ್ಣ ಓಡಿಬಂದು ಜೆಟ್ಟಿಯಿಂದಲೇ ಧುಮುಕಿದ, ಮಗಳನ್ನು ಎತ್ತಿ ತಂದ. ಅವನ ಕೈಕಾಲಿಗೆ ಏನೂ ಆಗಲಿಲ್ಲ. ಮಗಳು ಮಾತ್ರ ಉಸಿರಾಡಲಿಲ್ಲ.

ಸ್ನಾಯು ಹಿಡಿದಿರಬೇಕು, ನೀರು ಕುಡಿದಿದ್ದಾಳೆ ಎಂದರು ಡಾಕ್ಟರು.

“ನನಗೆ ಕಾಲು ಬರಲಿಲ್ಲ,” ಎಂದು ತಮ್ಮ ಕೇಳಿದವರಿಗೆಲ್ಲ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಣ್ಣ ಒಂದು ಮಾತೂ ಆಡಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ಊಟಕ್ಕೆ ಕರೆದ, ಹುಷಾರಿಲ್ಲದಾಗ ಬಂದು ನೋಡಿದ, ಆ ವಿಷಯವೊಂದನ್ನು ಮಾತ್ರ ಸುತ್ತಿಕೊಂಡು ದಾಟಿಹೋದ. ಅತ್ತಿಗೆಗೆ ಇದ್ದದ್ದು ಒಂದೇ ಮಾತು: “ಗೀಸರ್ ಆರಿಸೋಕೆ ನಿಂತೆ. ನಿಲ್ಲದೆ ಓಡಿಬಂದಿದ್ರೆ ಸಿಗ್ತಿದ್ಲು.” ಹೀಟರು, ಇಸ್ತ್ರಿಪೆಟ್ಟಿಗೆ, ಏನೇ ಇರಲಿ, ಆರಿಸದೆ ಜಾಗ ಬಿಟ್ಟು ಏಳಬಾರದು ಎನ್ನುವುದು ಕರೆಂಟು ಕೆಲಸದವನ ಮನೆಯ ಕಟ್ಟುಪಾಡು. ಮದುವೆಯಾದಾಗಿನಿಂದ ಅಣ್ಣ ಹೇಳಿ ಹೇಳಿ ಅದು ಅವರ ಕೈಗೆ ಅಂಟಿಹೋಗಿತ್ತು. ಮಗಳು ಮುಳುಗುವಾಗಲೂ ಕೈ ಮೊದಲು ಸ್ವಿಚ್ಚಿಗೇ ಹೋಗಿತ್ತು.

ಅಂದಿನಿಂದ ಯಾಟಿನ ಚಾಕರಿಯೆಲ್ಲ ತಮ್ಮನದು. ಪುಸ್ತಕ ಹೊಲಿಯುವ ಅಂಗಡಿಯಲ್ಲಿ ಅವನ ಕೆಲಸ. ರಜೆ ಸಿಕ್ಕಿದಾಗೆಲ್ಲ ಇಲ್ಲಿಗೆ ಬಂದು ಪಾಚಿ ಉಜ್ಜುವನು, ತಳದಲ್ಲಿ ನಿಂತ ನೀರು ಎತ್ತಿ ಚೆಲ್ಲುವನು. ನೀರಿಗೆ ಮಾತ್ರ ಮತ್ತೆ ಕಾಲಿಟ್ಟಿರಲಿಲ್ಲ. ಹೇಡಿ ಎಂಬ ಮಾತನ್ನು ಯಾರೂ ಹೇಳದೆಯೇ ಅವನು ಒಪ್ಪಿಕೊಂಡಿದ್ದ. ಕನ್ನಡಿ ಮುಂದೆ ಮುಖ ಕ್ಷೌರ ಮಾಡಿಕೊಳ್ಳುವಾಗ ಅದು ಕಾಣುತ್ತಿತ್ತು, ದವಡೆಯ ಕೆಳಗಿನ ಮಚ್ಚೆಯ ಹಾಗೆ.

“ಅಯ್ಯೋ ದೇವರೇ.”

ಈ ಸಲ ಟೆಸ್ಟರನ ದನಿಯಲ್ಲಿ ತಮಾಷೆ ಇರಲಿಲ್ಲ. ತಮ್ಮ ಮತ್ತೆ ಇಳಿದ. ಸ್ವಿಚ್ ಬೋರ್ಡಿನ ಹಿಂದೆ ಒಂದು ತಾಮ್ರದ ಪಟ್ಟಿ ಹೊಳೆಯುತ್ತಿತ್ತು. ಎರಡು ಕಡೆ ಸ್ಕ್ರೂ ಬಿಗಿದು, ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಪಟ್ಟಿ. ಯಾರಿಗೂ ಕಾಣದ ಜಾಗದಲ್ಲೂ ಅಣ್ಣ ಅಂಚು ಉಜ್ಜಿದ್ದ.

“ಇದು ನ್ಯೂಟ್ರಲ್, ಇದು ಅರ್ತ್,” ಎಂದು ಟೆಸ್ಟರ್ ಬೆರಳಿಟ್ಟು ತೋರಿಸಿದ. “ಎರಡನ್ನೂ ಸೇರಿಸಿಬಿಟ್ಟಿದಾರೆ. ಮನೆ ಮೇನ್ ಬೋರ್ಡಲ್ಲಿ ಹೀಗೇ ಮಾಡೋದು, ಅಲ್ಲಿ ತಪ್ಪಿಲ್ಲ. ಅಲ್ಲಿ ಅರ್ತ್ ಹೋಗೋದು ಮಣ್ಣಿಗೆ. ಇಲ್ಲಿ ಎಲ್ಲಿಗೆ ಹೋಗುತ್ತೆ ಹೇಳಿ? ಎಂಜಿನ್ನಿಗೆ. ಎಂಜಿನ್ನಿಂದ ಕೆಳಗೆ ದೋಣಿ ತಳ್ಳೋ ಫ್ಯಾನಿಗೆ. ಆ ಫ್ಯಾನು ಇರೋದು ನೀರಲ್ಲಿ. ಬಂದ ಕರೆಂಟು ವಾಪಸ್ ಹೋಗಬೇಕಲ್ಲ, ಅದಕ್ಕೆ ಇವರು ಎರಡು ದಾರಿ ಮಾಡಿಟ್ಟಿದಾರೆ. ಒಂದು ತಂತಿ, ಒಂದು ನೀರು. ಇಲ್ಲಿ ನೋಡಿ, ಪ್ಲಗ್ಗಿನ ಈ ಪಿನ್ನು ಸುಟ್ಟು ಕರ್ರಗಾಗಿದೆ. ತಂತಿ ದಾರಿ ಕಟ್ಟಿಕೊಂಡ್ರೆ ಎಲ್ಲಾ ನೀರಿಗೇ.”

ತಮ್ಮನಿಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅರ್ಥ ಮಾಡಿಕೊಳ್ಳದಿರಲು ಮನಸ್ಸು ಹಟ ಹಿಡಿದು ಕೂತಿತು.

“ಮಾತಲ್ಲಿ ನಂಬಬೇಡಿ, ತೋರಿಸ್ತೀನಿ,” ಎಂದ ಟೆಸ್ಟರ್. ಹೊಸ ಸ್ವಿಚ್ಚಿಲ್ಲದ ಹಳೆಯ ಕಂಬವೊಂದು ವರ್ಕ್‌ಶಾಪಿನ ಪಕ್ಕದಲ್ಲಿ ಉಳಿದಿತ್ತು. ಅಲ್ಲಿಂದ ಲೈನ್ ಎಳೆದು ತಂದ. ಜೆಟ್ಟಿಯ ಉದ್ದಕ್ಕೂ ಕುಂಟುತ್ತಾ ಓಡಾಡಿ, “ಯಾರೂ ನೀರಿಗಿಳೀಬೇಡ್ರಪ್ಪಾ, ಕೈ ಕೂಡ ಅದ್ದಬೇಡಿ!” ಎಂದು ಕೂಗಿ ಬಂದ. ಏಣಿಯ ಪಕ್ಕ ಮೊಣಕಾಲೂರಿ ಎರಡು ತಂತಿಗಳನ್ನು ನೀರಿಗೆ ಇಳಿಬಿಟ್ಟು ಮೀಟರು ಹಿಡಿದು ಕೂತ. “ಒಳಗೆ ಹೋಗಿ ಗೀಸರ್ ಹಾಕಿ ಸ್ವಾಮಿ.”

ತಮ್ಮ ಒಳಗೆ ಹೋದ. ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಂತ. ಹಾಕಿದ. ಕೆಂಪು ದೀಪ ಹತ್ತಿತು.

“ಬಂತು!” ಹೊರಗಿನಿಂದ ಕೂಗು. “ಆರಿಸಿ!”

ಆರಿಸಿದ.

“ಹೋಯ್ತು. ಇನ್ನೊಂದ್ಸಲ!”

ಹಾಕಿದ. “ಬಂತು.” ಆರಿಸಿದ. “ಹೋಯ್ತು.” ಆ ನಾಲ್ಕು ಗೋಡೆಗಳ ನಡುವೆ ನಿಂತು, ನೀರನ್ನು ನೋಡದೆಯೇ, ತಮ್ಮ ಅಂದಿನ ಮಧ್ಯಾಹ್ನವನ್ನು ಮೊದಲ ಸಲ ಅತ್ತಿಗೆಯ ಕಡೆಯಿಂದ ಕಂಡ. ಮಗಳು ಇನ್ನೇನು ಮೇಲೆ ಬರುತ್ತಾಳೆ, ಬಿಸಿನೀರು ಇರಲಿ ಎಂದು ಹಾಕಿದ ಕೈ. ನರಳಿಕೆ ಕೇಳಿ ಆರಿಸಿದ ಕೈ. ಅವನ ಬೆರಳು ಏಣಿಯಿಂದ ಬಿಟ್ಟುಕೊಂಡದ್ದು ಆಗ.

ಹೊರಗೆ ಬಂದಾಗ ಟೆಸ್ಟರ್ ತಂತಿ ಸುತ್ತುತ್ತಿದ್ದ.

“ಸಮುದ್ರದ ನೀರಾಗಿದ್ರೆ ಇಷ್ಟು ಅಪಾಯ ಇರ್ತಿರಲಿಲ್ಲ. ಉಪ್ಪು ನೀರು ಕರೆಂಟನ್ನ ತಾನೇ ಎಳ್ಕೊಂಡು ಹೋಗಿಬಿಡುತ್ತೆ. ಸಿಹಿನೀರು ಹಾಗಲ್ಲ. ಅದಕ್ಕೆ ಮನುಷ್ಯನ ಮೈಯೇ ಸುಲಭದ ದಾರಿ. ಈಜೋನಿಗೆ ಶಾಕ್ ಹೊಡೆದ ಹಾಗೇನೂ ಆಗಲ್ಲ ಸ್ವಾಮಿ. ಕೈಕಾಲು ಸೆಟೆದುಕೊಳ್ಳುತ್ತೆ, ಬಾಯಿ ಬರಲ್ಲ, ಕಲ್ಲಿನ ಹಾಗೆ ಮುಳುಗ್ತಾನೆ. ಮೈಮೇಲೆ ಒಂದು ಗುರುತೂ ಇರಲ್ಲ. ಡಾಕ್ಟರು ನೀರು ಕುಡಿದ ಅಂತಾರೆ. ಅವರದೇನು ತಪ್ಪು?”

ತಮ್ಮ ರೇಲಿಂಗ್ ಹಿಡಿದುಕೊಂಡ. “ಏಣಿ ಹಿಡ್ಕೊಂಡು ಇಳಿದವನಿಗೆ?”

“ಹಾಂ?”

“ಕಾಪಾಡೋಕೆ ಅಂತ ಇಳಿದ್ರೆ. ಏಣಿ ಬಿಡದೆ.”

“ಬಿಡೋಕೆ ಆಗಬೇಕಲ್ಲ! ಕೈ ಕಚ್ಕೊಳ್ಳುತ್ತೆ. ಕಾಲು ತನ್ನದೇ ಅಲ್ಲ ಅನ್ನಿಸುತ್ತೆ. ಪೈಲ್ವಾನ್ ಆದ್ರೂ ಅಷ್ಟೇ.” ಟೆಸ್ಟರ್ ತಲೆಯೆತ್ತಿ ನೋಡಿದ. “ಇಲ್ಲಿ ಯಾರೂ ಈಜಿರಲಿಲ್ಲ ತಾನೇ?”

“ಇಲ್ಲ,” ಎಂದ ತಮ್ಮ.

ಅವನ ಒಳಗೆ ಏನೋ ಎದ್ದು ನಿಂತಿತ್ತು. ಅದು ದುಃಖವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಸಂತೋಷ. ನಾನು ಹೆದರಿರಲಿಲ್ಲ. ನಾನು ಇಳಿದಿದ್ದೆ, ಬಿಡಿಸಿಕೊಳ್ಳಲು ಹೆಣಗಿದ್ದೆ, ಪೈಲ್ವಾನನಿಂದಲೂ ಆಗದ್ದು ನನ್ನಿಂದ ಆಗಲಿಲ್ಲ, ಅಷ್ಟೇ. ಈಗಲೇ ಆಸ್ಪತ್ರೆಗೆ ಓಡಿಹೋಗಿ ಅಣ್ಣನ ಮಂಚದ ಪಕ್ಕ ನಿಂತು ಹೇಳಬೇಕು ಎನಿಸಿತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಅಣ್ಣ, ಅವತ್ತು ನನ್ನ ಕಾಲು ಮರಗಟ್ಟಿದ್ದು ಹೆದರಿಕೆಯಿಂದ ಅಲ್ಲ. ಮತ್ತೆ ಯಾಕೆ ಎಂದು ಅವನು ಕೇಳಿಯೇ ಕೇಳುತ್ತಾನೆ. ನಿನ್ನ ಪಟ್ಟಿಯಿಂದ ಎಂಬ ಆ ಎರಡನೆಯ ವಾಕ್ಯಕ್ಕೆ ಬರುತ್ತಿದ್ದಂತೆ ತನ್ನ ಸಂತೋಷದ ಮುಖ ಕಂಡು ಅವನಿಗೆ ಹೇಸಿಗೆಯಾಯಿತು.

ಟೆಸ್ಟರ್ ಪಟ್ಟಿ ಬಿಚ್ಚಿ ತೆಗೆದ. ಕಪ್ಪಾದ ಪ್ಲಗ್ ಎಸೆದ. ಮನೆಯ ದಪ್ಪ ತಂತಿಗಳ ಜಾಗದಲ್ಲಿ ತೆಳು ಎಳೆಗಳ ಮೆತ್ತನೆಯ ತಂತಿ ಎಳೆದ. ಎಲ್ಲ ಮುಗಿದ ಮೇಲೆ ಹೊಸ ಕಂಬಕ್ಕೇ ಸಿಕ್ಕಿಸಿ ಗೀಸರ್, ಫ್ಯಾನು, ದೀಪ ಎಲ್ಲವನ್ನೂ ಒಟ್ಟಿಗೆ ಹಾಕಿಸಿದ. ಸ್ವಿಚ್ಚು ಬೀಳಲಿಲ್ಲ.

“ಮ್ಯಾನೇಜರ್‌ಗೆ ಹೇಳಿ ಹೋಗ್ತೀನಿ,” ಎಂದ.

“ವೈರು ಹಳೇದಾಗಿತ್ತು, ತೇವ ಹಿಡಿದಿತ್ತು ಅಂತ ಹೇಳಿ,” ಎಂದ ತಮ್ಮ. “ಪಟ್ಟಿ ವಿಷಯ ಬೇಡ.”

“ಯಾಕೆ? ಅಣ್ಣನ ಮರ್ಯಾದೆನಾ?” ಟೆಸ್ಟರ್ ಮುಖ ಗಂಟಿಕ್ಕಿದ. “ನೋಡಿ, ಇಂಥದ್ದರಲ್ಲಿ ನಾನು ದಾಕ್ಷಿಣ್ಯ ನೋಡೋನಲ್ಲ. ನಾಳೆ ಇನ್ನೊಂದು ದೋಣಿಗೆ ಹೀಗೇ ಕೈ ಹಾಕಿದ್ರೆ?”

“ಬೇರೆ ದೋಣಿ ಮುಟ್ಟಿಲ್ಲ. ಇದೊಂದೇ. ಇನ್ನು ಮುಟ್ಟೋದೂ ಇಲ್ಲ, ಕಣ್ಣು ಮಂಜಾಗಿದೆ. ದಯವಿಟ್ಟು.”

ಟೆಸ್ಟರ್ ಬಾಯಿ ತೆರೆದ. ತಮ್ಮನ ಕೈ ರೇಲಿಂಗಿನ ಮೇಲೆ ಬಿಳಿಚಿಕೊಂಡಿದ್ದನ್ನು ನೋಡಿದ, ನೀರನ್ನು ನೋಡಿದ, ಏಣಿಯನ್ನು ನೋಡಿದ. “ಆಯ್ತು, ತೇವ ಅಂತಲೇ ಹೇಳ್ತೀನಿ,” ಎಂದ. ಚೀಲ ಎತ್ತಿಕೊಂಡು ಜೆಟ್ಟಿಯ ಮೇಲೆ ಕುಂಟುತ್ತಾ ನಡೆದ.

ಅಣ್ಣ ಆಸ್ಪತ್ರೆಯಿಂದ ಬಂದವನು ಮನೆಯಲ್ಲಿ ನಿಲ್ಲಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಅತ್ತಿಗೆಯ ತೋಳು ಹಿಡಿದುಕೊಂಡು ಯಾಟಿಗೆ ಬಂದ. ತಮ್ಮ ಡೆಕ್ ಒರೆಸುತ್ತಿದ್ದ. ಪಕ್ಕದ ದೋಣಿಯ ಮಕ್ಕಳು ನೀರಲ್ಲಿ ಗಲಾಟೆ ಎಬ್ಬಿಸಿದ್ದರು. ಆ ಸದ್ದು ಕೇಳಿದಾಗೆಲ್ಲ ಅತ್ತಿಗೆ ಬೇಗ ಒಳಗೆ ಹೋಗುವುದು ರೂಢಿ. ಈಗಲೂ ಹಾಗೇ ಹೋದರು. ಹಿಂದೆಯೇ ಅಣ್ಣ ಇಳಿದ.

ಕಣ್ಣು ಬೇಕಿರಲಿಲ್ಲ ಅವನಿಗೆ. ಹಲಗೆಯ ಸ್ಕ್ರೂಗಳ ಮೇಲೆ ಬೆರಳಾಡಿಸುತ್ತಿದ್ದ ಹಾಗೆ ಗೊತ್ತಾಯಿತು. ಹಲಗೆ ತೆಗೆದು ಕೈ ಒಳಗೆ ತೂರಿಸಿದ. ಬೆರಳುಗಳು ತಂತಿಯ ಮೇಲೆ ಹರಿದವು, ನಿಂತವು, ಮತ್ತೆ ಹರಿದವು.

“ನನ್ನ ಪಟ್ಟಿ ಎಲ್ಲಿ?”

ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ. “ತೆಗೆಸಿದೆ.”

“ಯಾರ ಕೈಲಿ?”

“ಟೆಸ್ಟರ್ ಅಂತ. ದೋಣಿ ವೈರಿಂಗ್‌ನವರು.”

“ಓಹೋ. ನಾನು ಮಂಚದ ಮೇಲೆ ಮಲಗಿದ್ದೆ, ನೀನು ಇಲ್ಲಿ ನನ್ನ ಕೆಲಸಕ್ಕೆ ಮಾರ್ಕ್ಸ್ ಹಾಕಿಸ್ತಾ ಇದ್ದೆ.” ಅಣ್ಣನ ದನಿ ಏರಲಿಲ್ಲ. ಏರದಿದ್ದದ್ದೇ ಭಯ ಹುಟ್ಟಿಸುವಂತಿತ್ತು. “ಏನಂದ ಅವನು?”

“ಹಳೇ ವೈರು, ತೇವ ಹಿಡಿದಿದೆ ಅಂದ.”

“ಪಟ್ಟಿಗೆ ತೇವ ಹಿಡಿಯುತ್ತಾ? ಅರ್ತ್‌ಗೆ ಜೀವ ಇರೋದೇ ಆ ಪಟ್ಟಿಯಲ್ಲಿ. ಮೂವತ್ತು ವರ್ಷ ಮನೆ ಮನೆಗೆ ಹಾಕಿದೀನಿ ನಾನು. ಕಣ್ಣಿನ ನೀರು ನಿಲ್ಲಲಿ, ಮೊದಲು ಅದನ್ನ ವಾಪಸ್ ಕೂರಿಸ್ತೀನಿ.”

“ಬೇಡ ಅಣ್ಣ.”

“ಬೇಡ ಅನ್ನೋಕೆ ನೀನ್ಯಾರು?”

“ಬೇಡ.”

ಅಣ್ಣ ಕನ್ನಡಕ ತೆಗೆದ. ಕೆಂಪಾಗಿ ಊದಿದ್ದ ಕಣ್ಣುಗಳು ತಮ್ಮನಿದ್ದ ಕಡೆ ತಿರುಗಿದವು. ಸರಿಯಾಗಿ ಕಂಡವೋ ಇಲ್ಲವೋ. ಇಷ್ಟು ವರ್ಷ ಸುತ್ತಿಕೊಂಡು ದಾಟಿದ ಜಾಗಕ್ಕೆ ಅವನು ಈಗ ನೇರವಾಗಿ ಕಾಲಿಟ್ಟ.

“ನೀರಿಗಿಳಿಯೋಕೆ ಹೆದರಿ ಏಣಿ ತಬ್ಬಿಕೊಂಡು ನಿಂತವನು ನೀನು. ನನಗೆ ಕೆಲಸ ಕಲಿಸ್ತೀಯೇನೋ?”

“ರೀ, ಬಿಡಿ,” ಎಂದರು ಅತ್ತಿಗೆ. ಸಣ್ಣ ಹಾಸಿಗೆಯ ತುದಿಯಲ್ಲಿ ಕೂತಿದ್ದರು. “ಅವರನ್ನ ಯಾಕೆ ಅಂತೀರ? ನಾನು ಆ ಗೀಸರ್ ಆರಿಸೋಕೆ ನಿಲ್ಲದೆ ಬಂದಿದ್ರೆ…”

ಮಾತು ತಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಂದೇ ಒಂದು ವಾಕ್ಯ. ಅತ್ತಿಗೆ, ನೀವು ಆರಿಸಿದ್ದರಿಂದಲೇ ಅಣ್ಣ ಬದುಕಿದ, ನಾನೂ ಬದುಕಿದೆ. ಅಷ್ಟು ಹೇಳಿದರೆ ಆ ಹೆಂಗಸಿನ ಎದೆಯಿಂದ ಒಂದು ಕಲ್ಲು ಇಳಿಯುತ್ತಿತ್ತು. ಇಳಿದ ಮರುಕ್ಷಣವೇ, ಹಾಗಾದರೆ ಹಾಕಿದ್ದು ಯಾರು ಎಂಬ ಕಲ್ಲು ಅದೇ ಜಾಗದಲ್ಲಿ ಕೂರುತ್ತಿತ್ತು. ಅಣ್ಣನಿಗೆ ಅಷ್ಟೂ ಬೇಕಿರಲಿಲ್ಲ. ಅವನು ಕಸುಬು ಬಲ್ಲವನು. ಅರ್ಧ ವಾಕ್ಯ ಸಾಕಿತ್ತು, ಉಳಿದದ್ದನ್ನು ಅವನ ಬೆರಳುಗಳೇ ಓದಿಕೊಳ್ಳುತ್ತಿದ್ದವು.

ಹೊರಗೆ ಯಾವುದೋ ಮಗು ಕೇಕೆ ಹಾಕಿ ನೀರಿಗೆ ಬಿತ್ತು. ಪಟ್ಟಿ ಮತ್ತೆ ಅಲ್ಲಿಗೆ ಬರಬಾರದು. ಅದೊಂದು ಮಾತ್ರ ತಮ್ಮನಿಗೆ ಸ್ಪಷ್ಟವಾಗಿತ್ತು. ಅದನ್ನು ತಡೆಯಲು ಅವನ ಹತ್ತಿರ ಇದ್ದದ್ದು ಒಂದೇ ಒಂದು ವಸ್ತು, ಅದನ್ನೂ ಅಣ್ಣನೇ ಈಗಷ್ಟೇ ಕೈಗೆ ಕೊಟ್ಟಿದ್ದ.

“ಹೌದು ಅಣ್ಣ,” ಎಂದ. “ನನಗೆ ಹೆದರಿಕೆ. ಅವತ್ತೂ ಹೆದರಿದೆ, ಇವತ್ತೂ ಹೆದರಿಕೆ. ಈ ದೋಣೀಲಿ ಕಾಲಿಟ್ಟಾಗೆಲ್ಲ ಶಾಕ್ ಹೊಡೆಯುತ್ತೇನೋ ಅಂತ ಜೀವ ಹಾರುತ್ತೆ. ಅದಕ್ಕೇ ಕರೆಸಿದೆ. ನಿನ್ನ ಕೆಲಸದ ಮೇಲೆ ಅನುಮಾನ ಬಂದು ಅಲ್ಲ. ಆ ಪಟ್ಟಿ ನೀನು ವಾಪಸ್ ಹಾಕಿದ್ರೆ ನಾನು ಇಲ್ಲಿಗೆ ಬರಲ್ಲ. ಪಾಚಿ ಉಜ್ಜೋಕೂ ಬರಲ್ಲ. ನನ್ನಿಂದ ಆಗಲ್ಲ.”

ಅವನ ದನಿ ನಡುಗಿತು. ನಟನೆ ಬೇಕಾಗಲಿಲ್ಲ.

ಅಣ್ಣ ಮೂಗಿನಿಂದ ಉಸಿರು ಬಿಟ್ಟ. ಅದರಲ್ಲಿ ಕೋಪಕ್ಕಿಂತ ಕನಿಕರ ಹೆಚ್ಚಿತ್ತು, ಕನಿಕರಕ್ಕಿಂತ ತಾತ್ಸಾರ.

“ಇಂಥವನನ್ನ ಕಟ್ಕೊಂಡು,” ಎಂದು ಹೆಂಡತಿಯ ಕಡೆ ತಿರುಗಿದ. “ಆಯ್ತು ಬಿಡು. ಹೆದರೋನು ಹೆದರ್ಲಿ. ಅವನಿಗೋಸ್ಕರ ಇರ್ಲಿ ಹಾಗೇ.” ಕೈ ಆಡಿಸಿ ಬೋರ್ಡಿನ ಸ್ವಿಚ್ಚೊಂದನ್ನು ಒತ್ತಿದ. ಫ್ಯಾನು ತಿರುಗಿತು. ಇನ್ನೊಂದು ಒತ್ತಿದ. ದೀಪ. ಇನ್ನೊಂದು. ಕಂಬದ ಸ್ವಿಚ್ಚು ಬೀಳುವ ಸದ್ದಿಗಾಗಿ ಕಿವಿಗೊಟ್ಟು ನಿಂತ. ಸದ್ದು ಬರಲಿಲ್ಲ.

“ನೋಡಿದ್ಯಾ? ಕಂಬ ಸರಿ ಮಾಡಿದಾರೆ. ನಾನು ಅವತ್ತೇ ಹೇಳಿದ್ದೆ, ಅವರ ಸ್ವಿಚ್ಚೇ ಡಬ್ಬಾ ಅಂತ.”

“ಹೌದು, ನೀನು ಹೇಳಿದ್ದೆ,” ಎಂದ ತಮ್ಮ.

ಅಣ್ಣ ಹಲಗೆಯನ್ನು ಮುಚ್ಚಲು ಹೆಣಗಿದ, ಸ್ಕ್ರೂ ಕೈತಪ್ಪಿ ಬಿತ್ತು. ತಮ್ಮ ಬಗ್ಗಿ ಹುಡುಕಿ ಕೊಟ್ಟ. ಅತ್ತಿಗೆ ಎದ್ದು ಹಾಸಿಗೆಯ ಮೇಲಿನ ಬಟ್ಟೆ ಸರಿಮಾಡಿದರು, ಅಣ್ಣ ಅಲ್ಲಿ ಹೋಗಿ ಮಂಡಿ ಮಡಚಿಕೊಂಡು ಕೂತ. ತಮ್ಮ ಮೇಲೆ ಬಂದು ಒರೆಸುವ ಬಟ್ಟೆ ಎತ್ತಿಕೊಂಡ. ಮಕ್ಕಳು ಇನ್ನೂ ಈಜುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಅಣ್ಣ ಆ ಮಾತನ್ನು ಸಲೀಸಾಗಿ ಆಡತೊಡಗಿದ. ನೆಂಟರ ಮುಂದೆ, ಪಕ್ಕದ ದೋಣಿಯವರ ಮುಂದೆ, ಒಮ್ಮೊಮ್ಮೆ ತಮಾಷೆಗೆ: ನಮ್ಮ ತಮ್ಮ ಬಹಳ ಪುಕ್ಕಲ, ನೀರು ಕಂಡರೂ ಹೆದರಿಕೆ, ತಂತಿ ಕಂಡರೂ ಹೆದರಿಕೆ. ತಮ್ಮ ಹೌದೆಂದು ತಲೆಯಾಡಿಸುತ್ತಿದ್ದ. ಅಂದು ತನ್ನ ಕಾಲು ಮರಗಟ್ಟಿದ್ದು ಹೆದರಿಕೆಯಿಂದಲ್ಲ, ನೀರಲ್ಲಿ ಕರೆಂಟಿತ್ತು ಎಂದು ಅವನು ಯಾವತ್ತೂ ಯಾರಿಗೂ ಹೇಳಲಿಲ್ಲ.